ಗಾರ್ಡು ಮಾವನಿಗೆ ಒಂದೇ ಸುತ್ತು ಶ್ಯಾವಿಗೆ

ಮೊನ್ನೆ ಸೊಸೆ ಒತ್ತುಶ್ಯಾವಿಗೆ ಮಾಡುತ್ತಿದ್ದಳು. ಬೆಂದ ಅಕ್ಕಿಹಿಟ್ಟಿನ ಹಬೆಗೆ ಏಲಕ್ಕಿ ಹಾಕಿದ ಕಾಯಿಹಾಲಿನ ವಾಸನೆ ಬೆರೆತು ನಡುಮನೆಗೆ ಬಂತು. ಬಾಯಲ್ಲಿ ನೀರೂರಬೇಕಿತ್ತು. ನನಗೆ ಬಂದದ್ದು ಸಿಟ್ಟು...

ಐವತ್ತರ ದಶಕದ ಮಾತು. ಗುಂಡ್ಲುಪೇಟೆಯಲ್ಲಿ ನಮ್ಮ ಪಕ್ಕದ ಮನೆಗೆ ಬಂಡೀಪುರದ ಕಾಡಿನಲ್ಲಿ ಗಾರ್ಡ್ ಆಗಿ ನಿವೃತ್ತರಾದವರೊಬ್ಬರು ಬಂದು ನೆಲೆಸಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಊಟ ನಮ್ಮಲ್ಲೇ. ನಾವು ಗಾರ್ಡು ಮಾವ ಎನ್ನುತ್ತಿದ್ದೆವು. ಅವರಿಗೆ ಶ್ಯಾವಿಗೆ ಎಂದರೆ ಪ್ರಾಣ. ಕಾಯಿಹಾಲು, ಮೇಲೆ ತುಪ್ಪ ಸುರಿದರೆ ಒರಳಿನಿಂದ ಸುರುಳಿಯಾಗಿ ಒತ್ತಿದ ಆರೇಳು ಸುತ್ತು ಲೆಕ್ಕವೇ ಇಲ್ಲ.

ಒಂದು ವರ್ಷ ಅವರ ಕಾಲಿನ ಹೆಬ್ಬೆರಳಿನ ಗಾಯ ಮಾಯಲೇ ಇಲ್ಲ. ಸಕ್ಕರೆ ಕಾಯಿಲೆ ಎಂದರು ಡಾಕ್ಟರು. ಶ್ಯಾವಿಗೆ ಬಿಡಬೇಕಿಲ್ಲ, ಆದರೆ ಒಂದೇ ಸುತ್ತು, ಕಾಯಿಹಾಲು ಎರಡೇ ಚಮಚ, ಮೊದಲು ಸೊಪ್ಪು ಕಾಳು ತಿಂದಿರಬೇಕು, ಇಲ್ಲದಿದ್ದರೆ ಬೆರಳು ತೆಗೆಯಬೇಕಾದೀತು ಎಂದರು. ಹಿರಿಯರಿಗೆ ಇಲ್ಲ ಎನ್ನಲು ಅಮ್ಮನಿಗೆ ನಾಲಿಗೆ ಏಳದು. ಬಡಿಸುವ ಕೆಲಸ ಹದಿನೈದು ವರ್ಷದ ನನ್ನ ತಲೆಗೆ ಬಂತು.

"ಇದೇನಮ್ಮಿ, ಕಾಗೆಗೆ ಇಕ್ದಂಗೆ ಇಕ್ಬುಟ್ಟೆ! ಇನ್ನೊಂದ್ ಸುತ್ತು ಆಕು" ಎನ್ನುವರು.

"ಡಾಕ್ಟ್ರು ಒಂದೇ ಅಂದವ್ರೆ, ಮಾವ."

"ಡಾಕ್ಟ್ರಿಗೇನ್ ಗೊತ್ತು? ಕಾಡ್ ಸುತ್ತಿದ್ ಒಟ್ಟೆ ಕಣಮ್ಮಿ ಇದು."

ಶ್ಯಾವಿಗೆ ಮಾಡಿದಾಗಲೆಲ್ಲ ಇದೇ ರಗಳೆ. ಸೊಪ್ಪನ್ನು ತಟ್ಟೆಯ ಅಂಚಿಗೆ ತಳ್ಳುವರು, ತುಪ್ಪದ ಗಿಂಡಿ ಎಳೆದುಕೊಳ್ಳುವರು. ಸಾಕಾಗಿ ಹೋಗಿತ್ತು ನನಗೆ. ಒಂದು ದಿನ ಹಿಂದಿನ ಬೀದಿಯ ಹೆಂಗಸು ಬಂದು, "ಪಾಪ, ವಯಸ್ಸಾದವ್ರಿಗೆ ಒಟ್ಟೆ ತುಂಬ ಇಕ್ಕಾಕಿಲ್ವಂತಲ್ಲ ನೀನು?" ಎಂದು ಎಲ್ಲರೆದುರು ಕೇಳಿದಳು. ನಮ್ಮಲ್ಲಿ ಉಂಡು ಅವಳ ಮನೆಗೆ ಹೋಗಿ ಹಸಿದಿದ್ದೇನೆ ಎಂದಿದ್ದರು ಮಹಾರಾಯರು!

ಮಾರನೆಯ ದಿನ ತಟ್ಟೆಗೆ ನಾಲ್ಕು ಸುತ್ತು ಹಾಕಿ, ಕಾಯಿಹಾಲು ಮುಳುಗುವಷ್ಟು ಸುರಿದು, ಅರ್ಧ ಗಿಂಡಿ ತುಪ್ಪ ಬಗ್ಗಿಸಿದೆ. "ತಿನ್ನಿ ಮಾವ. ಬೆರಳು ನಿಮ್ದು, ಒಟ್ಟೆ ನಿಮ್ದು. ಇನ್ಮೇಲೆ ನಾನ್ ಕೇಳಾಕಿಲ್ಲ" ಎಂದೆ.

ಅವರು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದು ಸುತ್ತು ತಿಂದು ಕೈ ನಿಲ್ಲಿಸಿದರು.

"ನನ್ನೆಂಡ್ತಿ ಇದ್ದಾಗ ತಟ್ಟೆಗೆ ಕೈ ಅಡ್ಡ ಇಟ್ಟು ಸಾಕು ಅನ್ನೋಳು. ಅವ್ಳು ತೀರ್ಕಂಡ್ಮೇಲೆ ಅಂಗನ್ನೋಳು ನೀನೊಬ್ಳೇ ಕಣಮ್ಮಿ. ನೀನೂ ಕೈಬುಟ್ರೆ ಎಂಗೆ?"

ಉಳಿದ ಮೂರು ಸುತ್ತಿನ ಸಮೇತ ನಾನು ತಟ್ಟೆ ಎತ್ತಿಕೊಂಡೆ. ಹಾಗೆಂದು ಅವರು ಸುಧಾರಿಸಿದರು ಎಂದುಕೊಳ್ಳಬೇಡಿ. ಮುಂದಿನ ಸಲ ಮತ್ತೆ "ಇನ್ನೊಂದ್ ಸುತ್ತು" ಎಂದರು. ನಾನೂ ಮತ್ತೆ ಇಲ್ಲ ಎಂದೆ. ಹೀಗೇ ಜಗಳವಾಡುತ್ತ ನಾಲ್ಕಾರು ತಿಂಗಳಲ್ಲಿ ಗಾಯ ಮಾಯಿತು. ಬೆರಳು ಉಳಿಯಿತು.

ಆಮೇಲೆ ನನ್ನನ್ನು ಚಾಮರಾಜನಗರಕ್ಕೆ ಕೊಟ್ಟರು. ಮೂರನೆಯ ವರ್ಷ ಅಪ್ಪ ಬಸ್ಸಿಳಿದು ಬಂದವರು ಗಾರ್ಡು ಮಾವ ತೀರಿಕೊಂಡ ಸುದ್ದಿ ಹೇಳಿದರು. ಗಾಯ ಮತ್ತೆ ಎದ್ದಿತ್ತಂತೆ, ಈ ಸಲ ಕಾಲಿಗೇ ಏರಿತಂತೆ... "ನೀನು ಇಲ್ಲಿಗೆ ಬಂದ್ಮೇಲೆ ಅವ್ರಿಗೆ ಬ್ಯಾಡ ಅನ್ನಾಕೆ ನಮ್ಗ್ಯಾರಿಗೂ ಬಾಯಿ ಬರ್ನಿಲ್ಲ ಕಣವ್ವ" ಎಂದರು ಅಪ್ಪ.

ನನಗೀಗ ಆಗಿನ ಅವರಿಗಿಂತ ಹೆಚ್ಚು ವಯಸ್ಸು. ಆದರೂ ನೆನೆದರೆ ರೇಗುತ್ತದೆ. ಆನೆಗೆ ಹೆದರದ ಮನುಷ್ಯನಿಗೆ ಒಂದು ತಟ್ಟೆಯ ಮುಂದೆ ತನಗೆ ತಾನೇ ಸಾಕು ಎಂದುಕೊಳ್ಳಲು ಆಗಲಿಲ್ಲವಲ್ಲ! ಕೂರಿಸಿಕೊಂಡು ಚೆನ್ನಾಗಿ ಬೈಯಬೇಕು ಅನ್ನಿಸುತ್ತದೆ. ಬೈಯೋಣವೆಂದರೆ, ಮನುಷ್ಯನೇ ಇಲ್ಲ...