ಎರಡು ಸಲ ಬರೆದ ಸಾಲು

ನಮ್ಮ ಆಫೀಸಿನಲ್ಲಿ ಆಕೆಯನ್ನು ಎಲ್ಲರೂ ಪೊರಕೆಯಮ್ಮ ಅನ್ನುತ್ತಿದ್ದೆವು. ಎದುರಿಗೇ ಅನ್ನುತ್ತಿದ್ದೆವು, ಅವರೂ ನಗುತ್ತಿದ್ದರು. ಬೇರೆಯವರು ಬರೆದು ಬಿಟ್ಟುಹೋದ ಕಂಪ್ಯೂಟರ್ ಕೋಡನ್ನು ಗುಡಿಸಿ ಒಪ್ಪ ಮಾಡುವುದೇ ಅವರ ಕೆಲಸ. ಮನೆಯಲ್ಲೂ ಅದೇ ಚಾಳಿ. "ಒಂದೇ ಕಡೆ ಜಾಸ್ತಿ ಹೊತ್ತು ಕೂತ್ರೆ ನನ್ನನ್ನೂ ಎತ್ತಿ ಆಚೆ ಹಾಕ್ತಾಳೆ" ಅಂತ ಅವರ ಯಜಮಾನರು ನನ್ನ ಹತ್ತಿರ ದೂರಿದ್ದುಂಟು.

ನಮ್ಮದು ರೋಗಿಯ ಮೈಗೆ ಹನಿಹನಿಯಾಗಿ ಔಷಧಿ ಬಿಡುವ ಯಂತ್ರದ ಸಾಫ್ಟ್‌ವೇರ್. ಯಂತ್ರ ತಯಾರಿಸುವುದನ್ನು ಕಂಪನಿ ನಿಲ್ಲಿಸಿತ್ತು, ಆದರೆ ಸಣ್ಣಪುಟ್ಟ ಆಸ್ಪತ್ರೆಗಳಲ್ಲಿ ಹಳೆಯವು ಇನ್ನೂ ಓಡುತ್ತಿದ್ದವು. ರಿಪೇರಿಯವರಿಗೆ ಉಪಯೋಗವಾಗಲಿ ಅಂತ ಸೋರ್ಸ್ ಕೋಡಿನ ಇಡೀ ಫೋಲ್ಡರನ್ನು ಎಲ್ಲರಿಗೂ ಬಿಟ್ಟುಕೊಡುವುದೆಂದಾಯಿತು. ಅದಕ್ಕೆ ಮುಂಚೆ ಒಳಗಿನ ಪಾಸ್‌ವರ್ಡು, ಜನರ ಹೆಸರು, ಬೈಗುಳ ಎಲ್ಲ ಹೋಗಬೇಕೆಂದು ಮ್ಯಾನೇಜರ್ ಸಾಹೇಬರು ಅಪ್ಪಣೆ ಕೊಡಿಸಿದರು.

ಬೈಗುಳಕ್ಕೆ ಅಲ್ಲಿ ಬರವಿರಲಿಲ್ಲ. ಆ ಕೋಡನ್ನು ಬರೆದವನು ನಾವು ಸಿಡುಕ ಅನ್ನುತ್ತಿದ್ದ ಸಹೋದ್ಯೋಗಿ, ಅಷ್ಟರಲ್ಲಾಗಲೇ ತೀರಿಕೊಂಡಿದ್ದ. ಮೂಗಿನ ತುದಿಯಲ್ಲೇ ಕೋಪವಿದ್ದ ಮನುಷ್ಯ. ಮುಂದೆ ಓದುವವರಿಗಾಗಿ ಕೋಡಿನ ಪಕ್ಕ ಬರೆದಿಡುವ ಟಿಪ್ಪಣಿಗಳಲ್ಲೂ ಬೈಯುತ್ತಿದ್ದ. "ನಯವಾಗಿ ಬರೆದ್ರೆ ಯಾರೂ ಓದಲ್ಲ, ಬೈದ್ರೆ ಎಲ್ಲರೂ ಓದ್ತಾರೆ" ಅನ್ನುವನು. ನಿಜವಾಗಿಯೂ ಓದುತ್ತಿದ್ದೆವು. ನಾನು ಕೆಲಸ ಕಲಿತದ್ದೇ ಆ ಬೈಗುಳಗಳಿಂದ.

ಪೊರಕೆಯಮ್ಮ ಒಂದೊಂದೇ ಟಿಪ್ಪಣಿಯನ್ನು ಕೂತು ಓದುತ್ತೇನೆಂದರು. ಮ್ಯಾನೇಜರ್ ಅಷ್ಟು ಸಮಯ ಕೊಡಲಿಲ್ಲ. ಹಾಗಾಗಿ ಕತ್ತೆ, ಮುಠ್ಠಾಳ ಅಂತ ಪದ ಹುಡುಕಿ, ಅದು ಸಿಕ್ಕ ಟಿಪ್ಪಣಿಯನ್ನು ಇಡಿಯಾಗಿ ತೆಗೆಯುತ್ತ ಹೋದರು. ಹೋದವುಗಳಲ್ಲಿ ಇದೂ ಒಂದು: "ಕತ್ತೆ, ಒಂದೇ ಸಾಲು ಎರಡು ಸಲ ಇದೆ ಅಂತ ಒಂದನ್ನ ಅಳಿಸಬೇಡ. ಔಷಧಿ ಎಷ್ಟು ಅಂತ ಕೇಳಿದ್ರೆ ಯಂತ್ರ ಮೊದಲ ಸಲ ಹೇಳೋದು ಹಿಂದಿನ ರೋಗಿಯ ಲೆಕ್ಕ. ಎರಡನೇ ಸಲ ಹೇಳೋದೇ ನಿಜ." ಬೈಗುಳ ಹೋಗಬೇಕೆಂದವರಿಗೆ ಬುದ್ಧಿಮಾತೂ ಜೊತೆಗೇ ಹೋದದ್ದು ಕಾಣಲಿಲ್ಲ. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಫೋಲ್ಡರ್ ಹೊರಗೆ ಹೋದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಫೋನ್ ಬಂತು. ಪೊರಕೆಯಮ್ಮ ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವವರು, ಪಕ್ಕದ ಮೇಜಿನ ನನಗೆ ಎಲ್ಲ ಕೇಳಿಸುತ್ತಿತ್ತು.

"ಅಮ್ಮಾ, ನಾನು ಆಸ್ಪತ್ರೇಲಿ ಯಂತ್ರ ರಿಪೇರಿ ಮಾಡೋನು. ನಿಮ್ಮ ಕೋಡಲ್ಲಿ ಒಂದು ಸಾಲು ಎರಡ್ಸಲ ಇತ್ತು. ಕೈತಪ್ಪಿ ಬಂದಿರ್ಬೇಕು ಅಂತ ಒಂದನ್ನ ತೆಗೆದೆ. ಅದು ಬೇಕಿತ್ತಾ?"

ಪೊರಕೆಯಮ್ಮ ಹಳೆಯ ಪ್ರತಿಯಲ್ಲಿ ಆ ಸಾಲು ಹುಡುಕಿ, ತಾವು ತೆಗೆದಿದ್ದ ಟಿಪ್ಪಣಿಯನ್ನು ಓದಿದರು. "ಯಂತ್ರ ನಿಲ್ಸಪ್ಪಾ! ಈಗ್ಲೇ ನಿಲ್ಸು. ಯಾರಿಗೆ ಹಾಕಿದೀಯ?"

"ನಿಲ್ಸಾಯ್ತಮ್ಮ. ನಮ್ಮಕ್ಕಂಗೆ ಹಾಕಿದ್ದು. ಔಷಧಿ ಜಾಸ್ತಿ ಹೋಗ್ಬಿಡ್ತು. ನಿನ್ನೆ ಮಣ್ಣು ಮಾಡಿ ಬಂದ್ವಿ. ನನ್ನ ಕೈಯಿಂದ್ಲೇ ಆಯ್ತಾ ಅಂತ ತಿಳ್ಕೋಬೇಕಿತ್ತು, ಅಷ್ಟೆ."

ಅಷ್ಟರಲ್ಲಿ ಮ್ಯಾನೇಜರ್ ಓಡಿಬಂದಿದ್ದರು. ಫೋನ್ ಇಡಿ ಅಂತ ಕೈಸನ್ನೆ ಮಾಡಿ, "ಏನೂ ಒಪ್ಕೋಬೇಡಿ, ನಮ್ಮ ತಲೆಗೆ ಬರುತ್ತೆ" ಅಂತ ಪಿಸುಗುಟ್ಟಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ! ಪೊರಕೆಯಮ್ಮ ಸುಮ್ಮನಿದ್ದಿದ್ದರೆ ಆ ಬಡಪಾಯಿ ಜನ್ಮವಿಡೀ ಅಕ್ಕನನ್ನು ಕೊಂದವನಾಗಿ ಬದುಕುತ್ತಿದ್ದ.

"ಬೇಕಿತ್ತಪ್ಪ" ಅಂದರು ಪೊರಕೆಯಮ್ಮ. "ಮುಟ್ಟಬೇಡ ಅಂತ ಅಲ್ಲೇ ಬರೆದಿತ್ತು. ಅದನ್ನ ಅಳಿಸಿದವಳು ನಾನು. ನಿನ್ನ ತಪ್ಪಲ್ಲ."

ಅವನು ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

"ಅಮ್ಮಾ, ಇದನ್ನೇ ನಮ್ಮ ಭಾವಂಗೆ ಒಂದ್ಸಲ ಹೇಳ್ತೀರಾ? ಇಲ್ಲೇ ಕೂತಿದ್ದಾರೆ. ನನ್ನ ಮುಖಾನೇ ನೋಡ್ತಿಲ್ಲ."

ಮ್ಯಾನೇಜರ್ ಫೋನಿನ ಮೇಲೆ ಕೈಯಿಟ್ಟರು. ಪೊರಕೆಯಮ್ಮ ಆ ಕೈಯನ್ನು ಪಕ್ಕಕ್ಕೆ ಸರಿಸಿ, "ಕೊಡಪ್ಪ" ಅಂದರು.