ಸೋಮವಾರ ಬಿಟ್ಟು ನೋಡಿದ ಸಿನಿಮಾ

ಹಿಂದೂ ಹುಡುಗಿ, ಮುಸ್ಲಿಂ ಹುಡುಗ, ಇಬ್ಬರಿಗೂ ಹದಿನೇಳು. ಆ ಸಿನಿಮಾ ಕಾರವಾರಕ್ಕೆ ಬಂದಾಗ ಎರಡೂ ಕಡೆಯವರು ಒಟ್ಟಾಗಿ ಧರಣಿ ಕೂತು ವಿರೋಧಿಸಿದರು. ನಮ್ಮ ಜಿಲ್ಲೆಯಲ್ಲಿ ಅಷ್ಟೊಂದು ಸೌಹಾರ್ದವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಸಿನಿಮಾ ನೋಡಿದವರು ಮಾತ್ರ ಅವರಲ್ಲಿ ಒಬ್ಬರೂ ಇರಲಿಲ್ಲ.

ನನಗಂತೂ ಅದನ್ನು ನೋಡಲೇಬೇಕಿತ್ತು. ಹದಿನೇಳರಲ್ಲಿ ನಾನೂ ಬೇಲೆಕೇರಿಯ ಒಬ್ಬ ಮುಸ್ಲಿಂ ಹುಡುಗನಿಗೆ ಮನಸ್ಸು ಕೊಟ್ಟಿದ್ದೆ. ಬಾಳೆಗುಳಿ ಕ್ರಾಸಿನಲ್ಲಿ ಬಂದ ಬಸ್ಸನ್ನು ಬಿಟ್ಟು ಮುಂದಿನ ಬಸ್ಸಿಗೆ ಕಾಯುವುದು, ಅಷ್ಟೇ ನಮ್ಮ ಪ್ರೇಮ. ಆಮೇಲೆ ಅವನು ಕೆಲಸಕ್ಕೆಂದು ದುಬೈಗೆ ಹೋದ. ಪತ್ರ ಬರೆಯುತ್ತೇನೆ ಎಂದಿದ್ದ, ಒಂದೂ ಬರಲಿಲ್ಲ. ದುಡ್ಡು ಕಂಡು ಕೊಬ್ಬಿದ್ದಾನೆ ಎಂದು ಇಪ್ಪತ್ತೈದು ವರ್ಷ ಮನಸ್ಸಿನಲ್ಲೇ ಬೈದೆ. ಮದುವೆಯಾಗಿ ಎರಡು ಮಕ್ಕಳಾದ ಮೇಲೂ ಬಿಡಲಿಲ್ಲ.

ಅವ್ವಿ ತಾನೂ ಸಿನಿಮಾಕ್ಕೆ ಬರುತ್ತೇನೆಂದು ಹಟ ಹಿಡಿದಳು. ನನ್ನ ತಾಯಿ ಅಂಕೋಲೆ ಪೇಟೆಯಲ್ಲಿ ನಲವತ್ತು ವರ್ಷ ಮೀನು ಮಾರಿದವಳು, ಗಂಡಸರ ಹೊಟ್ಟೆಯ ವಿಷಯ ಅವಳಿಗೆ ಚೆನ್ನಾಗಿ ಗೊತ್ತು. ನಾನು ಸೋಮವಾರ ಹೊರಟರೆ ತಡೆದಳು. ಸೋಮವಾರ ನಮ್ಮವರು ಮೀನು ತಿನ್ನುವುದಿಲ್ಲ. ಮನೆಯಲ್ಲಿ ಬರೀ ಬೇಳೆಸಾರು ಇದ್ದರೆ ಧರಣಿ ಕೂತವರು ಊಟಕ್ಕೆ ಏಳುವುದಿಲ್ಲ ಎಂಬುದು ಅವಳ ಲೆಕ್ಕ.

ಬುಧವಾರ ಮಧ್ಯಾಹ್ನ ಹೋದೆವು. ಬೆಳಿಗ್ಗೆಯಿಂದ ಥಿಯೇಟರಿನ ಎದುರು ಧರ್ಮ ಕಾಯುತ್ತಿದ್ದವರೆಲ್ಲ ಬಂಗಡೆ ಮೀನಿನ ಸಾರು ಉಣ್ಣಲು ಮನೆಗೆ ಹೋಗಿದ್ದರು. ಉಂಡ ಮೇಲೆ ಒಂದು ನಿದ್ದೆಯೂ ಆಗಬೇಕಲ್ಲ. ಅವರು ಬಿಟ್ಟುಹೋದ ಬ್ಯಾನರನ್ನು ಪೊಲೀಸನೊಬ್ಬ ಕಾಯುತ್ತಿದ್ದ. ನಾವು ಸಲೀಸಾಗಿ ಒಳಗೆ ಹೋಗಿ ಕೂತೆವು.

ಸಿನಿಮಾ ದರಿದ್ರವಾಗಿತ್ತು. ಹದಿನೇಳರ ಹುಡುಗನಿಗೆ ಮೂವತ್ತರ ಗಡ್ಡ. ಹುಡುಗಿ ಎಷ್ಟು ಅತ್ತರೂ ಕಾಡಿಗೆ ಕದಡುವುದಿಲ್ಲ. ಕೈಯಲ್ಲಿ ಮೊಬೈಲ್ ಇದ್ದರೂ ಇಬ್ಬರೂ ಪತ್ರ ಬರೆಯುತ್ತಾರೆ. ಇದಕ್ಕೆ ಧರಣಿ ಬೇರೆ ಕೇಡು ಎಂದುಕೊಂಡು ಆಕಳಿಸುತ್ತಿದ್ದೆ. ಅಷ್ಟರಲ್ಲಿ ತೆರೆಯ ಮೇಲೆ ಹುಡುಗಿಯ ತಾಯಿ ಅವನ ಪತ್ರವನ್ನು ಕಸಿದುಕೊಂಡು, ಬಿಡಿಸಿಯೂ ನೋಡದೆ ಚೂರು ಚೂರು ಮಾಡಿದಳು. ಅವ್ವಿ ನನ್ನ ಕೈ ಹಿಡಿದಳು.

“ನಾ ಹರೀಲಿಲ್ಲ ಮಗಾ. ಒಲೆಗೆ ಹಾಕ್ದೆ. ಮೂರು ಬಂದಿತ್ತು.”

ದುಬೈಯಿಂದ ಬಂದದ್ದು ಎಂದು ಹೇಳಿ ಪೋಸ್ಟಿನವನು ಅವಳ ಕೈಗೇ ಕೊಟ್ಟಿದ್ದನಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಏನೂ ತಪ್ಪು ಮಾಡದವನನ್ನು ಇಷ್ಟು ವರ್ಷ ಬೈದಿದ್ದೆನಲ್ಲ ಎಂದು ನಾಚಿಕೆಯೂ ಆಯಿತು, ಅಳುವೂ ಬಂತು. ಅವನು ಏನು ಬರೆದಿದ್ದ ಎಂದು ಕೇಳಿದೆ. ದನಿ ಜೋರಾಯಿತೇನೋ, ಹಿಂದಿನ ಸಾಲಿನವರು ಸುಮ್ಮನಿರಿ ಎಂದರು.

ಅವ್ವಿ ತೆರೆಯಿಂದ ಕಣ್ಣು ತೆಗೆಯಲಿಲ್ಲ.

“ನಂಗೆ ಓದೂಕೆ ಎಲ್ಲಿ ಬತ್ತದೆ? ಅಂಥಾ ಪತ್ರದಲ್ಲಿ ಎಂತಾ ಬರೀತಾರೆ ಅಂತ ತಿಳ್ಕಳೂಕೇ ಇಲ್ಲಿಗೆ ಬಂದೆ. ಈ ಹೆಂಗ್ಸೂ ಓದ್ದೇ ಹರ್ದ್‌ಬಿಡ್ತು.”