ದಾರದಲ್ಲಿ ಕಟ್ಟಿದ ಬೀದಿ

ಬೆಳಗಾದರೆ ಹೊಲಿಗೆಯಮ್ಮ ಮೊದಲು ಮಾಡುವ ಕೆಲಸ ಹತ್ತು ಸೂಜಿಗೆ ದಾರ ಪೋಣಿಸುವುದು. ಕಿಟಕಿಯ ಬಳಿ ನಿಂತು, ಒಂದೊಂದು ಸೂಜಿಗೂ ಮನಸ್ಸಿನಲ್ಲೇ ಒಮ್ಮೆ ದೇವರ ಹೆಸರು ಹೇಳಿ, ದಾರದ ತುದಿಗೆ ಗಂಟು ಹಾಕುತ್ತಾಳೆ. ಬಿಳಿಗೆ ಒಂದು ಗಂಟು, ಕಪ್ಪಿಗೆ ಎರಡು, ನೀಲಿಗೆ ಮೂರು. ಜ್ವರ ಬಂದ ದಿನವೂ ಇದು ತಪ್ಪಿಲ್ಲ. ಅವಳು ಹೊಲಿದ ಅಂಗಿಗಳಿಗೆ ಗುಂಡಿ ಹಾಕುವವಳು ಅಕ್ಕ. ಅಕ್ಕನಿಗೆ ಹನ್ನೆರಡನೆಯ ವಯಸ್ಸಿನಿಂದ ಕಣ್ಣು ಕಾಣುವುದಿಲ್ಲ.

ಕಾಣದಿದ್ದರೇನಂತೆ, ಅಕ್ಕ ಯಾರ ಕೈಯನ್ನೂ ಹಿಡಿದು ನಡೆದವಳಲ್ಲ. ನಲವತ್ತು ವರ್ಷ ಬಾಳಿದ ಬೀದಿಯಲ್ಲಿ ಕೋಲು ಹಿಡಿದು ತಾನೇ ಹೋಗಿ ಹಾಲು ತರುತ್ತಿದ್ದಳು, ಜೊತೆಗೆ ನಾಲ್ಕು ಮನೆಯ ಸುದ್ದಿಯನ್ನೂ. ಈಗ ಅವರಿರುವ ಕಟ್ಟಡ ಕೆಡವುತ್ತಾರಂತೆ. ಮೂರು ತಿಂಗಳಲ್ಲಿ ಖಾಲಿ ಮಾಡಬೇಕು.

"ಎಲ್ಲಿಗಾದ್ರೂ ಹೋಗೋಣ ಕಣೇ," ಎಂದಳು ಅಕ್ಕ. "ನನ್ನನ್ನ ಮೂಲೇಲಿ ಕೂರಿಸೋ ಜಾಗ ಮಾತ್ರ ಬೇಡ."

ಆ ಮಾತು ತಂಗಿಯ ಎದೆಯಲ್ಲಿ ಚುಚ್ಚಿಕೊಂಡೇ ಉಳಿಯಿತು. ಮಧ್ಯಾಹ್ನ ಮಿಷನ್ನಿಗೆ ಹೊದಿಕೆ ಹೊದಿಸಿ ಅವಳು ಮನೆ ಹುಡುಕಲು ಹೊರಡುತ್ತಿದ್ದಳು. ಕೈಯಲ್ಲಿ ಮಾರುದ್ದದ ದಪ್ಪ ದಾರ. ಖಾಲಿ ಮನೆಯ ಬಾಗಿಲಿಂದ ಕಣ್ಣು ಮುಚ್ಚಿ ನಡೆಯುತ್ತಾ, ಮೂಗಿಗೋ ಕಿವಿಗೋ ಗುರುತು ಸಿಕ್ಕಲ್ಲಿ ಒಂದು ಗಂಟು. ನೂರು ಹೆಜ್ಜೆಗೆ ಒಂದು ಗೇಣು ದಾರ, ಅಕ್ಕ ಬೆರಳಲ್ಲಿ ಓದಲೆಂದು.

ಮೊದಲು ನೋಡಿದ್ದು ಊರಾಚೆಯ ಹೊಸ ಬಡಾವಣೆ. ಅಕ್ಕ ಆ ದಾರವನ್ನು ಬೆರಳಲ್ಲಿ ಎಳೆದಳು, ತುದಿ ಬಂದೇಬಿಟ್ಟಿತು.

"ಗಂಟೇ ಇಲ್ಲವಲ್ಲೇ. ಜನ ಇದ್ದಾರೋ, ಬರೀ ಗೋಡೆ ಇದೆಯೋ?"

"ಬಾಡಿಗೆ ಕಡಿಮೆ ಅಕ್ಕ."

"ಸ್ಮಶಾನದಲ್ಲಿ ಇನ್ನೂ ಕಡಿಮೆ."

ಎರಡನೆಯ ದಾರದ ತುಂಬ ಗಂಟುಗಳಿದ್ದವು. ಆದರೆ ಅಲ್ಲಿನ ಬಾಡಿಗೆ ಇಬ್ಬರ ದುಡಿಮೆಯನ್ನೂ ನುಂಗುವಂಥದ್ದು.

ಮೂರನೆಯದು, ಇಳಿಜಾರಿನ ಹಳೆಯ ಓಣಿ. ಒಗೆದೊಗೆದು ಮೆತ್ತಗಾದ ಬಟ್ಟೆಯಂಥ ಬಿಸಿಲು. ಖಾಲಿ ಮನೆಯ ಕೆಳಗಿನ ಅಂಗಡಿಯವನು ಊಟಕ್ಕೆ ಹೋಗಿದ್ದ. ಹೊಲಿಗೆಯಮ್ಮ ಕಣ್ಣು ಮುಚ್ಚಿದಳು. ಕಾಲಡಿಯ ಕಲ್ಲು ತಣ್ಣಗೆ ಹಿಂದಕ್ಕೆ ಸರಿಯುತ್ತಿತ್ತು. ನಲ್ಲಿಯೊಂದು ಯಾರನ್ನೋ ಕಾಯುವಂತೆ ತೊಟ್ಟಿಕ್ಕುತ್ತಿತ್ತು. ಮುಂದೆ ಬೇಕರಿಯ ಬಿಸಿ ಬ್ರೆಡ್ಡಿನ ವಾಸನೆ. ಅಲ್ಲಿಂದ ತಿರುಗಿ ಬರುವಾಗ ತಾನು ಅಕ್ಕನ ಒಳಗೇ ನಡೆಯುತ್ತಿದ್ದೇನೆ ಅನ್ನಿಸಿತು. ಮೈ ಹಗುರಾಗಿ, ಓಣಿಯೇ ಅವಳನ್ನು ಎತ್ತಿಕೊಂಡು ಸಾಗುತ್ತಿರುವಂತೆ. ದೂರದಲ್ಲಿ ಟಕ್, ಟಕ್, ಟಕ್. ಆ ಸದ್ದಿನ ಹಿಂದೆಯೇ ಹೋಗಿ ನೇರ ಚಪ್ಪಲಿ ರಾಶಿಯ ಮೇಲೆ ಕಾಲಿಟ್ಟಳು.

"ಕಣ್ಣು ಮುಚ್ಕೊಂಡು ಎಲ್ಲಿಗಮ್ಮ ಸವಾರಿ?" ಅಂದ ಚಪ್ಪಲಿ ಹೊಲಿಯುವವನು. ಖಾಲಿ ಕೋಣೆಗಳಿದ್ದದ್ದು ಅವನ ಅಂಗಡಿಯ ಮೇಲೆಯೇ, ಮನೆಯ ಯಜಮಾನನೂ ಅವನೇ.

ಅವಳು ಅಕ್ಕನ ವಿಷಯ ಹೇಳಿ ಬಾಡಿಗೆ ಕೇಳಿದಳು. ಅವನು ಹೇಳಿದ್ದನ್ನು ನಂಬಲಾಗಲಿಲ್ಲ. "ಇಷ್ಟು ಕಡಿಮೆ ಯಾಕಣ್ಣ?"

"ಈ ಸುತ್ತಿಗೆಯಿಂದ. ಬೆಳಗಿಂದ ಸಂಜೆವರೆಗೂ ಟಕಟಕ. ಬಂದವರು ತಿಂಗಳು ತುಂಬೋ ಮೊದಲೇ ತಲೆ ಹಿಡ್ಕೊಂಡು ಓಡ್ತಾರೆ."

ಹೊಲಿಗೆಯಮ್ಮ ಆ ಸದ್ದಿಗೆಂದು ದಾರದ ತುದಿಗೆ ಎಲ್ಲಕ್ಕಿಂತ ದಪ್ಪನೆಯ ಗಂಟು ಹಾಕಿದಳು.

ಹದಿನೈದು ದಿನ ಅಕ್ಕ ಹಳೆಯ ಮನೆಯಲ್ಲೇ ಕುಳಿತು ಬೆರಳಿನಿಂದ ಆ ಓಣಿಯಲ್ಲಿ ಓಡಾಡಿದಳು. "ನಿನ್ನೆ ಕನಸಲ್ಲೂ ಹೋಗಿದ್ದೆ ಕಣೇ," ಅಂದಳೊಮ್ಮೆ. "ಬ್ರೆಡ್ ಇನ್ನೂ ಬಿಸಿ ಇತ್ತು."

ಹೊಸ ಮನೆಯ ಮೊದಲ ಬೆಳಗು ಹತ್ತು ಸೂಜಿಗಳಿಗೂ ದಾರ ಬಿದ್ದ ಮೇಲೆ ಅಕ್ಕ ಕೋಲು ಹಿಡಿದು ಹೊರಟಳು. ಹೊಲಿಗೆಯಮ್ಮ ಅಂಗಡಿಯ ಪಕ್ಕದಲ್ಲಿ ನಿಂತು, ಹೋದ ದಾರಿಯನ್ನೇ ನೋಡುತ್ತಿದ್ದಳು. ತುಟಿ ಸದ್ದಿಲ್ಲದೆ ಅಲುಗುತ್ತಿತ್ತು.

ಕೊನೆಗೂ ಅಕ್ಕ ತಿರುವಿನಲ್ಲಿ ಕಂಡಳು, ಕಂಕುಳಲ್ಲಿ ಬ್ರೆಡ್ಡು. ನಲ್ಲಿ ದಾಟಿದಳು. ಅಲ್ಲಿಂದ ನಾಲ್ಕು ಹೆಜ್ಜೆ ಬಂದು ಇದ್ದಕ್ಕಿದ್ದಂತೆ ನಿಂತುಬಿಟ್ಟಳು. ಕೋಲು ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೆಲ ತಡವಿತು. ಮುಖ ಬೇರೆ ಕಡೆಗೇ ತಿರುಗಿತು.

ಹೊಲಿಗೆಯಮ್ಮ ಒಂದು ಹೆಜ್ಜೆ ಮುಂದಿಟ್ಟಳು. ಆಮೇಲೆ ಅವಳಿಗೆ ಓಣಿ ಎಷ್ಟು ನಿಶ್ಶಬ್ದವಾಗಿದೆ ಎಂದು ಗೊತ್ತಾಯಿತು. ಪಕ್ಕಕ್ಕೆ ತಿರುಗಿ ನೋಡಿದರೆ ಚಪ್ಪಲಿ ಹೊಲಿಯುವವನು ಸುತ್ತಿಗೆ ಕೆಳಗಿಟ್ಟು, ಉಸಿರು ಬಿಗಿಹಿಡಿದು ಅಕ್ಕನನ್ನೇ ನೋಡುತ್ತಿದ್ದ.

"ಪಾಪ, ದಾರಿ ತಪ್ಪಿತು," ಎನ್ನುತ್ತಾ ಅವನು ಎದ್ದ. "ಇರಿ, ನಾನೇ ಹೋಗಿ ಕೈ ಹಿಡ್ಕೊಂಡು ಬರ್ತೀನಿ. ದಿನಾ ಬೇಕಾದ್ರೂ ಹೋಗ್ತೀನಿ, ನನಗೇನು ಕಷ್ಟ."

"ಬೇಡ ಅಣ್ಣ," ಅಂದಳು ಹೊಲಿಗೆಯಮ್ಮ, ಸುತ್ತಿಗೆಯನ್ನೆತ್ತಿ ಅವನ ಕೈಗೆ ಕೊಡುತ್ತಾ. "ನೀವು ಕೂತ್ಕೊಂಡು ನಿಮ್ಮ ಕೆಲಸ ಮಾಡಿ. ಅವಳೇ ಬರ್ತಾಳೆ."